ಮೀಟರಪ್ಪನವರು ರುಚಿ ಬಿಟ್ಟದ್ದು

ವೈದ್ಯರ ಮಾತನ್ನು ಅರ್ಧ ಕೇಳಿಸಿಕೊಂಡು ಉಳಿದರ್ಧಕ್ಕೆ ತೂಕಡಿಸಿದವರು ಲೋಕದಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಕೇಳಿಸಿಕೊಂಡ ಆ ಅರ್ಧವನ್ನು ಮನೆಯಲ್ಲಿ ಜಾರಿಗೆ ತಂದು, ಅದರಿಂದ ಇಡೀ ಕಚೇರಿಯ ಕೆಲಸವನ್ನು ನಿಲ್ಲಿಸಿದ ಕೀರ್ತಿ ಮಾತ್ರ ನಮ್ಮ ಮೀಟರಪ್ಪನವರೊಬ್ಬರದೇ.

ಮೀಟರಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವರು ನೀರು ಸರಬರಾಜು ಕಚೇರಿಯ ಮೀಟರು ಪರೀಕ್ಷಾ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದರು. ಮನೆಮನೆಯಿಂದ ಬಿಚ್ಚಿ ತಂದ ನೀರಿನ ಮೀಟರುಗಳು ಗೋಣಿಚೀಲಗಳಲ್ಲಿ ಬಂದು ಬೀಳುತ್ತಿದ್ದವು. ಅವನ್ನು ಒಂದೊಂದಾಗಿ ಬೆಂಚಿನ ಕೊಳವೆಗೆ ಸಿಕ್ಕಿಸಿ, ಸರಿಯಾಗಿ ನೂರು ಲೀಟರು ನೀರು ಹರಿಸಿ, ಮುಳ್ಳು ನಿಜ ಹೇಳಿದರೆ ಹಸಿರು ಚೀಟಿ, ಸುಳ್ಳು ಹೇಳಿದರೆ ಕೆಂಪು ಚೀಟಿ ಅಂಟಿಸುವುದು ಅವರ ಕೆಲಸ. ದಿನವಿಡೀ ಮುಳ್ಳು ನೋಡಿ ನೋಡಿ, ಏರುವ ಇಳಿಯುವ ಯಾವುದನ್ನು ಕಂಡರೂ ಅವರಿಗೆ ವಿಪರೀತ ನಂಬಿಕೆ.

ಒಂದು ಮಂಗಳವಾರ ಕಚೇರಿಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ನರ್ಸಮ್ಮ ಮೀಟರಪ್ಪನವರ ಸೊಂಟಕ್ಕೆ ಟೇಪು ಸುತ್ತಲು ಹೋದರು. ಅವರ ಒಂದು ಕೈ ಇನ್ನೊಂದನ್ನು ಮುಟ್ಟಲಿಲ್ಲ. "ಸಾರ್, ಈ ತುದಿ ನೀವೇ ಹಿಡ್ಕೊಂಡಿರಿ, ನಾನು ಆ ಕಡೆಯಿಂದ ಬರ್ತೀನಿ" ಎಂದು ಅವರು ಟೇಪು ಹಿಡಿದು ಸುತ್ತು ಹೊರಟದ್ದನ್ನು ಸಾಲಿನಲ್ಲಿದ್ದ ನಲವತ್ತು ಮಂದಿ ನೋಡಿದರು.

"ಸಿಸ್ಟರ್, ದೂರ ಇದೆ, ಜೀಪ್ ತರಲಾ?" ಎಂದ ಕಚೇರಿಯ ಡ್ರೈವರು.

ನಲವತ್ತು ಮಂದಿಯೂ ನಕ್ಕರು. ಮೀಟರಪ್ಪನವರೂ ನಕ್ಕರು, ನಗುತ್ತಲೇ ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡರು.

ಆಮೇಲೆ ವೈದ್ಯರ ಭಾಷಣ. "ಹಸಿವಿನಲ್ಲಿ ಎರಡು ಬಗೆ. ಒಂದು ಹೊಟ್ಟೆಯ ಹಸಿವು, ಇನ್ನೊಂದು ನಾಲಿಗೆಯ ಹಸಿವು. ನಮ್ಮ ಹೊಟ್ಟೆಯಲ್ಲಿ ಗ್ರೆಲಿನ್ ಎಂಬ ಹಾರ್ಮೋನು ಹುಟ್ಟುತ್ತದೆ. ಊಟದ ಹೊತ್ತಿಗೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಆದರೆ ತುಂಬಾ ರುಚಿಯಾದದ್ದು ಎದುರಿಗೆ ಬಂದರೆ, ಹೊಟ್ಟೆ ತುಂಬಿದ್ದರೂ ಅದು ಮತ್ತೆ ಏರುವುದುಂಟು..."

ಏರುತ್ತದೆ, ಇಳಿಯುತ್ತದೆ ಎಂದ ಕೂಡಲೇ ಮೀಟರಪ್ಪನವರ ಕಣ್ಣೆದುರು ಮುಳ್ಳು ಬಂತು. ತಪ್ಪೆಲ್ಲ ರುಚಿಯದು, ತಮ್ಮದೇನೂ ಇಲ್ಲ ಎಂದು ತಿಳಿದದ್ದೇ ಎದೆಯ ಭಾರ ಇಳಿಯಿತು. ಎದೆ ಹಗುರಾದಾಗ ಅವರಿಗೆ ನಿದ್ದೆ ಬರುತ್ತಿತ್ತು. ಚಪ್ಪಾಳೆಯ ಸದ್ದಿಗೆ ಎಚ್ಚರವಾದಾಗ ವೈದ್ಯರು ಚೀಲದ ಜಿಪ್ಪು ಎಳೆಯುತ್ತಿದ್ದರು.

ಸಂಜೆ ಮನೆಗೆ ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಆಜ್ಞೆ ಹೊರಡಿಸಿದರು.

"ಇವತ್ತಿಂದ ಅಡುಗೇಲಿ ರುಚಿ ಬೇಡ."

"ಏನು ಬೇಡ?" ಎಂದರು ಹೆಂಡತಿ.

"ರುಚಿ. ನಿನ್ನ ಅಡುಗೆ ವಿಪರೀತ ರುಚಿಯಾಗಿರುತ್ತೆ. ಅದೇ ತೊಂದರೆ."

ಹೆಂಡತಿ ಸೌಟು ಕೆಳಗಿಟ್ಟರು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷದಲ್ಲಿ ಅವರ ಅಡುಗೆಗೆ ಸಿಕ್ಕ ದೊಡ್ಡ ಹೊಗಳಿಕೆಯೆಂದರೆ 'ಇನ್ನೂ ಇದೆಯಾ?' ಎಂಬುದು.

"ಇನ್ನೊಂದ್ಸಲ ಹೇಳಿ."

"ತೊಂದರೆ ಅಂದೆ."

"ಅದಲ್ಲ, ಅದಕ್ಕೆ ಮುಂಚೆ ಅಂದಿದ್ದು."

"ರುಚಿಯಾಗಿರುತ್ತೆ ಅಂದೆ. ಗ್ರೆಲಿನ್ ಏರುತ್ತೆ ಕಣೇ!"

"ಗ್ರಿಲ್ಲಿಂದ ಏನು ಏರುತ್ತೆ? ಬೆಕ್ಕಾ? ಕಿಟಕಿ ಹಾಕೇ ಇದೆಯಲ್ಲ."

"ಬೆಕ್ಕಲ್ಲ ಮಾರಾಯ್ತಿ, ಹಾರ್ಮೋನು! ರುಚಿ ಕಂಡ ತಕ್ಷಣ ಹೊಟ್ಟೇಲಿ ಏರುತ್ತೆ. ಅದು ಏರಿದ್ರೆ ನಾನು ತಿಂತೀನಿ. ತಿನ್ನೋದು ನಾನಲ್ಲ, ಅದು."

ಹೊಗಳಿಸಿಕೊಂಡೆನೋ ಬೈಸಿಕೊಂಡೆನೋ ತಿಳಿಯದೆ ಹೆಂಡತಿ ಸೌಟನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ, ಆಗಲಿ, ರುಚಿಯಿಲ್ಲದೆ ಮಾಡುವುದೇನು ಮಹಾ ವಿದ್ಯೆ ಎಂದುಕೊಂಡರು. ಆದರೆ ಅದು ವಿದ್ಯೆಯೇ ಆಗಿತ್ತು. ಕೈ ತಾನಾಗಿ ಬೆಳ್ಳುಳ್ಳಿಯ ಕಡೆ ಹೋಗುತ್ತಿತ್ತು, ಎಳೆದು ತರಬೇಕಾಗುತ್ತಿತ್ತು. ಕೊನೆಗೆ ಉಪ್ಪು, ಎಣ್ಣೆ, ಖಾರ ಯಾವುದೂ ಇಲ್ಲದ ಬೇಯಿಸಿದ ಕುಂಬಳಕಾಯಿ ತಟ್ಟೆಗೆ ಬಂತು. ನೀರಲ್ಲಿ ನೆನೆದ ದಿಂಬಿನ ಹತ್ತಿಗೂ ಅದಕ್ಕೂ ಬಣ್ಣದಲ್ಲಷ್ಟೇ ವ್ಯತ್ಯಾಸ.

ಮೀಟರಪ್ಪನವರು ವೀರಾವೇಶದಿಂದ ತಿಂದರು. ಕೈ ತೊಳೆದರು. ಹೊಟ್ಟೆ ತುಂಬಿತ್ತು. ಆದರೂ ಕಾಲುಗಳು ತಾವಾಗಿ ಡಬ್ಬಗಳ ಕಪಾಟಿನ ಕಡೆ ನಡೆದವು. ಮೊದಲ ದಿನ ರಸ್ಕಿನ ಡಬ್ಬ ಖಾಲಿಯಾಯಿತು. ಎರಡನೆಯ ದಿನ ಬಿಸ್ಕತ್ತು. ಮೂರನೆಯ ದಿನ, ನಾದಿನಿ ಬಂದಾಗ ಬೇಕೆಂದು ಎತ್ತಿಟ್ಟಿದ್ದ ಒಣದ್ರಾಕ್ಷಿಯೂ, ಅದು ಮುಗಿದ ಮೇಲೆ ಸಿಹಿಯಾಗಿದ್ದ ಕೆಮ್ಮಿನ ಗುಳಿಗೆಯ ಒಂದು ಪಟ್ಟಿಯೂ ಕಾಣೆಯಾದವು.

"ಇದೇನ್ರೀ ಇದು? ಕೆಮ್ಮಿದೆಯಾ?"

"ಹಳೇ ರುಚಿ ಮೈಯಿಂದ ಇಳೀತಾ ಇದೆ. ಇಳಿಯೋವಾಗ ಹೀಗೇ ಆಗುತ್ತೆ" ಎಂದರು ಮೀಟರಪ್ಪನವರು, ಬೆಲ್ಟನ್ನು ಒಂದು ತೂತು ಸಡಿಲಿಸುತ್ತಾ.

ನಾಲ್ಕನೆಯ ದಿನ ಹೆಂಡತಿ ಎದುರು ಮನೆಗೆ ಹೋದರು. ಅಲ್ಲಿ ದರ್ಜಿಯಮ್ಮ ಇದ್ದರು. ಊರಿನ ಅಳತೆಗಳೆಲ್ಲ ಅವರ ಪುಸ್ತಕದಲ್ಲಿ, ಊರಿನ ಸುದ್ದಿಗಳೆಲ್ಲ ಅವರ ಬಾಯಲ್ಲಿ. ಆ ಹೊತ್ತಿಗೆ ಬಾಯಲ್ಲಿ ಗುಂಡುಸೂಜಿಗಳಿದ್ದವು, ಕಾಲಡಿ ಹೊಲಿಗೆ ಯಂತ್ರ ಓಡುತ್ತಿತ್ತು.

"ನಮ್ಮನೆಯವರು ನಾನು ಮಾಡೋ ರುಚಿಯಾದ ಊಟ ಬಿಟ್ಟುಬಿಟ್ಟಿದ್ದಾರೆ" ಎಂದರು ಹೆಂಡತಿ, ಅರ್ಧ ದೂರು ಅರ್ಧ ಜಂಬದಲ್ಲಿ.

ಟರ್ರ್ ಎಂದಿತು ಯಂತ್ರ. ದರ್ಜಿಯಮ್ಮನಿಗೆ ಕೇಳಿದ್ದು 'ಊಟ ಬಿಟ್ಟುಬಿಟ್ಟಿದ್ದಾರೆ' ಎಂಬುದಷ್ಟೇ.

"ಊಂ?" ಎಂದರು, ಸೂಜಿಗಳ ನಡುವಿನಿಂದ.

"ಆಫೀಸಿನ ಕ್ಯಾಂಟೀನು ಮುಚ್ಚಿದಾಗಿನಿಂದ ನನ್ನ ಡಬ್ಬಿಯೊಂದೇ ಗತಿಯಾಗಿತ್ತು. ಈಗ ಅದರ ಗತಿಯೂ ಇಷ್ಟೇ."

ದರ್ಜಿಯಮ್ಮನ ಗಂಡ ಬೇರೆ ಯಾರೂ ಅಲ್ಲ, ಜೀಪ್ ತರಲಾ ಎಂದು ಕೇಳಿದ ಡ್ರೈವರು. ಆ ರಾತ್ರಿ ಊಟಕ್ಕೆ ಕೂತಾಗ ಅವನಿಗೆ ಹೋದ ಸುದ್ದಿ ಇಷ್ಟು: ಕ್ಯಾಂಟೀನು ಮುಚ್ಚಿದ್ದಕ್ಕೆ ಮೀಟರಪ್ಪನವರು ನಾಲ್ಕು ದಿನದಿಂದ ಊಟ ಬಿಟ್ಟಿದ್ದಾರೆ. ಡ್ರೈವರನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ತಾನು ಆ ಮಹಾನುಭಾವನ ಸೊಂಟವನ್ನು ಹಾಸ್ಯ ಮಾಡಿದ್ದೆನಲ್ಲ! ಪಶ್ಚಾತ್ತಾಪ ತಡೆಯಲಾರದೆ ನೌಕರರ ಸಂಘದ ಕಾರ್ಯದರ್ಶಿಗೆ ಫೋನು ಮಾಡಿದ.

ಈ ಕಾರ್ಯದರ್ಶಿಯ ಬಗ್ಗೆ ಒಂದು ಮಾತು. ಅವರು ಪಕ್ಕದಲ್ಲಿ ಕೂತವರಿಗೂ ಮೈದಾನದ ಆ ತುದಿಗೆ ಕೇಳುವಂತೆಯೇ ಹೇಳುತ್ತಿದ್ದರು. ಕ್ಯಾಂಟೀನು ತೆರೆಯಿರಿ ಎಂದು ಎರಡು ತಿಂಗಳಿಂದ ಹದಿನೇಳು ಮನವಿ ಬರೆದು, ಹದಿನೇಳಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಪಡೆದು, ಮುಂದೇನು ಮಾಡುವುದೆಂದು ತಿಳಿಯದೆ ಕುಳಿತಿದ್ದರು. ಅಂಥವರ ಮಡಿಲಿಗೆ ಒಂದು ಉಪವಾಸ ತಾನಾಗಿ ಬಂದು ಬಿತ್ತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಮೀಟರಪ್ಪನವರು ಕುಂಬಳಕಾಯಿಯ ಡಬ್ಬಿ ಹಿಡಿದು ಕಚೇರಿಯ ಗೇಟು ದಾಟಿದಾಗ ಅಂಗಳದಲ್ಲಿ ಒಂದು ಮಂಚ, ಮಂಚದ ಮೇಲೆ ಹಾಸಿಗೆ, ಮೇಲೊಂದು ಬಟ್ಟೆಯ ಫಲಕ. ಫಲಕದಲ್ಲಿ ಕೆಂಪಕ್ಷರ: 'ಆಮರಣ ಉಪವಾಸ'. ಯಾರದೋ ಪಾಪ, ಎಂದುಕೊಂಡು ಅವರು ಪಕ್ಕದಿಂದ ಹೋಗುತ್ತಿದ್ದರು. ಅಷ್ಟರಲ್ಲಿ ನಾಲ್ಕು ಮಂದಿ ಅವರನ್ನು ಎತ್ತಿ ಮಂಚದ ಮೇಲೆ ಕೂರಿಸಿದರು. ಎತ್ತುವಾಗ ನಾಲ್ವರೂ ನರಳಿದರು.

"ನಾಲ್ಕು ದಿನದಿಂದ ಒಂದು ತುತ್ತು ಮುಟ್ಟದ ನಮ್ಮ ಮೀಟರಪ್ಪನವರಿಗೆ..." ಎಂದು ಕಾರ್ಯದರ್ಶಿ ಗರ್ಜಿಸಿದರು.

"ಜಯವಾಗಲಿ!" ಎಂದಿತು ಅಂಗಳ.

"ಅಯ್ಯೋ, ಹಾಗಲ್ಲ ಸ್ವಾಮಿ" ಎಂದರು ಮೀಟರಪ್ಪನವರು ಗಾಬರಿಯಿಂದ. "ನಾನು ಊಟ ಬಿಟ್ಟಿಲ್ಲ, ರುಚಿ ಬಿಟ್ಟಿದ್ದೀನಿ ಅಷ್ಟೆ!"

ಕಾರ್ಯದರ್ಶಿಯ ಕಣ್ಣಲ್ಲಿ ನೀರು ತುಂಬಿತು. "ಕೇಳಿದ್ರಾ! ಊಟ ಬಿಟ್ಟೆ ಅಂತ ಕೂಡ ಹೇಳಿಕೊಳ್ಳಲ್ಲ. ರುಚಿ ಬಿಟ್ಟೆ ಅಂತಾರೆ! ನಾಲ್ಕು ದಿನ ಹಸಿದ ಮೇಲೆ ನಮಗೆ ನಿಮಗೆ ಬರುತ್ತಾ ಇಂಥ ಮಾತು?"

"ಬರಲ್ಲ!" ಎಂದಿತು ಅಂಗಳ.

ಈ ಹೊತ್ತಿನಲ್ಲಿ ಮೀಟರಪ್ಪನವರು ಗಟ್ಟಿಯಾಗಿ ಇನ್ನೊಂದು ಮಾತು ಆಡಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆಡಲಿಲ್ಲ. ಹತ್ತೊಂಬತ್ತು ವರ್ಷ ನೀರಿನ ಸದ್ದಿನ ನಡುವೆ ಒಬ್ಬರೇ ನಿಂತಿದ್ದ ಮನುಷ್ಯ ಅವರು. ಈಗ ಟೈಪಿಂಗ್ ವಿಭಾಗದವರು ಬೀಸಣಿಗೆ ಹಿಡಿದಿದ್ದರು, ಡ್ರೈವರು ಕಾಲಬಳಿ ಕೂತು "ಅವತ್ತಿನ ಮಾತು ಮನಸ್ಸಲ್ಲಿ ಇಟ್ಕೋಬೇಡಿ ಸಾರ್" ಎಂದು ಮೂಗು ಒರೆಸಿಕೊಳ್ಳುತ್ತಿದ್ದ. ಮೀಟರಪ್ಪನವರು ದಿಂಬಿಗೆ ಒರಗಿ, ಆದಷ್ಟು ಬಳಲಿದವರಂತೆ ಕಣ್ಣು ಮುಚ್ಚಿದರು. ಇದೊಂದು ಅರ್ಧ ಗಂಟೆ ಇರಲಿ, ಆಮೇಲೆ ಹೇಳಿದರಾಯಿತು.

ಅರ್ಧ ಗಂಟೆಯಾದ ಮೇಲೆ ಅವರು ಮೆಲ್ಲಗೆ ಡಬ್ಬಿಯ ಕಡೆ ಕೈ ಚಾಚಿದರು. ಡಬ್ಬಿ ಇರಲಿಲ್ಲ.

"ಡಬ್ಬಿ ಎಲ್ಲಿ?"

"ಅದನ್ನ ನಾನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀನಿ" ಎಂದರು ಕಾರ್ಯದರ್ಶಿ, ಅವರ ಮಟ್ಟಿಗೆ ಪಿಸುಮಾತಿನಲ್ಲಿ. "ನಿಮ್ಮ ಪಕ್ಕದಲ್ಲಿ ಊಟದ ಡಬ್ಬಿ ಕಂಡ್ರೆ ವಿರೋಧಿಗಳು ಏನಂತಾರೆ? ಮಾತೇ ಆಡಬೇಡಿ ಸಾರ್, ಶಕ್ತಿ ಉಳಿಸಿಕೊಳ್ಳಿ."

ಹೀಗೆ, ಅಲ್ಲಿಯವರೆಗೆ ಸುಳ್ಳಾಗಿದ್ದ ಉಪವಾಸ ಆ ಕ್ಷಣದಿಂದ ನಿಜವಾಯಿತು.

ಹನ್ನೊಂದಕ್ಕೆ ಹೊಟ್ಟೆ ಒಮ್ಮೆ ಕೇಳಿತು. ಹನ್ನೆರಡಕ್ಕೆ ಅಬ್ಬರಿಸಿತು. ಆ ಸದ್ದನ್ನು ಕೇಳಿ ಬೀಸಣಿಗೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಗಂಟೆಗೆ ಸಹೋದ್ಯೋಗಿಗಳು ಗೌರವದಿಂದ ಬೆನ್ನು ತಿರುಗಿಸಿ ತಮ್ಮ ತಮ್ಮ ಡಬ್ಬಿ ತೆರೆದರು. ಬೆನ್ನು ತಿರುಗಿಸಿದರೆ ವಾಸನೆ ನಿಲ್ಲುತ್ತದೆಯೇ? ಹುರಿದ ಈರುಳ್ಳಿ ಒಂದು ಕಡೆಯಿಂದ, ಕರಿದ ಮೀನು ಇನ್ನೊಂದು ಕಡೆಯಿಂದ ಬಂದು ಮಂಚದ ಮೇಲೆ ಕೂತವು. ಮೀಟರಪ್ಪನವರ ಒಳಗಿನ ಮುಳ್ಳು ನೂರು ದಾಟಿ, ಒಂದು ಸುತ್ತು ಮುಗಿಸಿ, ಮತ್ತೆ ಸೊನ್ನೆಯಿಂದ ಶುರು ಮಾಡಿತು. ಲೆಕ್ಕದ ವಿಭಾಗದವನೊಬ್ಬ ಮೂಳೆ ಚೀಪುವ ಸದ್ದು ಕೇಳಿ ಅವರ ಕಣ್ಣಿಂದ ಎರಡು ಹನಿ ಜಾರಿದವು.

"ನಮಗಾಗಿ ಅಳ್ತಿದ್ದಾರೆ" ಎಂದ ಡ್ರೈವರು.

ಎರಡು ಗಂಟೆಯ ಹೊತ್ತಿಗೆ ಸುದ್ದಿ ಮೇಲಧಿಕಾರಿಗೆ ಮುಟ್ಟಿತು. ಅವರು ತೆಳ್ಳಗೆ ಬೆಳ್ಳಗೆ ಇದ್ದ, ಎಲ್ಲವನ್ನೂ ಪರಿಶೀಲನೆಯಲ್ಲಿಟ್ಟು ನೆಮ್ಮದಿಯಾಗಿದ್ದ ಮನುಷ್ಯ. ಒಬ್ಬ ನೌಕರ ತಮ್ಮ ಅಂಗಳದಲ್ಲೇ ಪರಿಶೀಲನೆಗೂ ಮುಂಚೆ ಸತ್ತುಹೋದರೆ ಯಾವ ಫಾರಂ ತುಂಬಬೇಕು ಎಂಬುದು ಅವರಿಗೆ ತಿಳಿಯಲಿಲ್ಲ. ಮಂಗಳವಾರದ ವೈದ್ಯರನ್ನೇ ಕರೆಸಿದರು.

ವೈದ್ಯರು ಮಂಚದ ಪಕ್ಕ ಕೂತು ನಾಡಿ ಹಿಡಿದರು. ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ನಾಲ್ಕು ದಿನ ಉಪವಾಸವಿದ್ದವರ ಕೆನ್ನೆ ಇಷ್ಟು ಗುಂಡಗಿರುವುದನ್ನು ಅವರು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಮೀಟರಪ್ಪನವರು ಅವರ ಕೋಟಿನ ತೋಳು ಹಿಡಿದು ಹತ್ತಿರ ಎಳೆದರು.

"ಡಾಕ್ಟ್ರೇ, ನಾನು ಉಪವಾಸ ಮಾಡ್ತಿಲ್ಲ. ನೀವು ಹೇಳಿದ್ದನ್ನ ಮಾಡ್ತಿದ್ದೀನಿ."

"ನಾನೇನು ಹೇಳಿದೆ?"

"ರುಚಿಯಾಗಿದ್ರೆ ಗ್ರೆಲಿನ್ ಏರುತ್ತೆ ಅಂತ. ಅದಕ್ಕೇ ರುಚಿ ನಿಲ್ಲಿಸಿದ್ದೀನಿ."

ವೈದ್ಯರು ಅವರನ್ನು ಒಂದು ಕ್ಷಣ ದಿಟ್ಟಿಸಿದರು. "ಮೂರನೇ ಸಾಲಲ್ಲಿ ಗೊರಕೆ ಹೊಡೀತಿದ್ದೋರು ನೀವೇ ತಾನೆ?"

ಮೀಟರಪ್ಪನವರು ದಿಂಬನ್ನು ಸರಿಮಾಡಿಕೊಂಡರು.

"ಅಲ್ಲಾರೀ, ಆಮೇಲೆ ಅರ್ಧ ಗಂಟೆ ನಾನು ಹೇಳಿದ್ದೇ ಅದು! ಅದಕ್ಕೆ ಹೆದರಿ ಸಪ್ಪೆ ತಿನ್ನೋಕೆ ಹೋಗಬೇಡಿ, ಹೊಟ್ಟೆ ತುಂಬುತ್ತೆ, ಮನಸ್ಸು ತುಂಬಲ್ಲ, ಆಮೇಲೆ ಡಬ್ಬ ಹುಡುಕ್ತೀರಿ ಅಂತ. ರುಚಿಯಾಗಿಯೇ ತಿನ್ನಿ, ನಿಧಾನವಾಗಿ ತಿನ್ನಿ, ಒಂದು ತಟ್ಟೆಗೆ ಏಳಿ ಅಂತ. ನೀವು ಡಬ್ಬ ಹುಡುಕಿದ್ರಾ?"

"ಕೆಮ್ಮಿನ ಗುಳಿಗೆವರೆಗೂ ಹೋದೆ ಡಾಕ್ಟ್ರೇ."

ವೈದ್ಯರು ಎದ್ದು ಮೇಲಧಿಕಾರಿಯ ಹತ್ತಿರ ಹೋದರು. "ದೇಹಕ್ಕೇನೂ ಆಗಿಲ್ಲ" ಎಂದು ಅವರು ಮೆಲ್ಲಗೆ ಹೇಳಿದ್ದು ಕಾರ್ಯದರ್ಶಿಯ ಘೋಷಣೆಯಲ್ಲಿ ಮುಳುಗಿಹೋಯಿತು. "ಆದರೆ ತಿಳುವಳಿಕೆಯ ಸ್ಥಿತಿ ಗಂಭೀರವಾಗಿದೆ" ಎಂದಾಗ ಘೋಷಣೆ ನಿಂತಿತು. ಮೇಲಧಿಕಾರಿಯ ಕಿವಿಗೆ 'ಸ್ಥಿತಿ ಗಂಭೀರವಾಗಿದೆ' ಎಂಬುದು ಮಾತ್ರ ಸ್ಪಷ್ಟವಾಗಿ ಬಿತ್ತು. ಅವರು ಹಾಗೇ ಒಂದು ಮೀಟರಿನ ಚೀಲದ ಮೇಲೆ ಕುಸಿದರು.

ಅದೇ ಹೊತ್ತಿಗೆ ಗೇಟಿನಲ್ಲಿ ಗದ್ದಲವಾಯಿತು. ಮೀಟರಪ್ಪನವರ ಹೆಂಡತಿ ಬಂದಿದ್ದರು.

ದರ್ಜಿಯಮ್ಮ ಮಧ್ಯಾಹ್ನ ಅವರ ಮನೆಗೆ ಓಡಿಬಂದು "ನಿಮ್ಮನೆಯವರು ಸಾಯೋತನಕ ಊಟ ಮಾಡಲ್ವಂತೆ!" ಎಂದಿದ್ದರು. ಹೆಂಡತಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವರ ಅಡುಗೆ ಇನ್ನೂ ಚೆನ್ನಾಗಾಗುತ್ತಿತ್ತು. ನಾಲ್ಕು ದಿನ ಕಟ್ಟಿಹಾಕಿದ್ದ ಕೈಯನ್ನು ಬಿಚ್ಚಿಬಿಟ್ಟರು. ಬೆಳ್ಳುಳ್ಳಿ ಜಜ್ಜಿದರು, ಈರುಳ್ಳಿ ಕೆಂಪಗೆ ಹುರಿದರು, ಆಲೂಗಡ್ಡೆಯನ್ನು ಅಂಚು ಗರಿಗರಿಯಾಗುವಂತೆ ಬಾಡಿಸಿದರು, ಮೇಲೆ ಮೆಣಸಿನ ಪುಡಿ ಉದುರಿಸಿದರು. ದೊಡ್ಡ ಡಬ್ಬಿಗೆ ಒತ್ತಿ ತುಂಬಿಕೊಂಡು ಹೊರಟರು.

"ಎಲ್ಲಿ ಅವರು? ಬೆಳಗ್ಗೆ ಮನೇಲಿ..." ಎಂದು ಶುರು ಮಾಡಿದವರು ಅಂಗಳ ನೋಡಿ ನಿಂತರು. ಇನ್ನೂರು ಮಂದಿ. ಮಂಚ. ಫಲಕ. ಮಂಚದ ಮೇಲೆ ಗಂಡನ ಮುಖ. ಆ ಮುಖದಲ್ಲಿ, ಡಬ್ಬದೊಳಗೆ ಕೈ ಹಾಕಿ ಸಿಕ್ಕಿಬಿದ್ದಾಗಿನ ಅದೇ ಕಳೆ. ಬೆಳಗ್ಗೆ ಈ ಮನುಷ್ಯ ಮೂರು ಸಲ ಕುಂಬಳಕಾಯಿ ಹಾಕಿಸಿಕೊಂಡದ್ದು ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿತ್ತು, ಆ ಇಬ್ಬರೂ ಈಗ ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಮೇಲಧಿಕಾರಿ ಚೀಲದಿಂದ ಎದ್ದು ಬಂದರು. ನಾಲ್ಕು ದಿನದ ಮಾತಿನಲ್ಲಿ ಅವರಿಗೆ ಕಡೆಯದಾಗಿ ಒಂದು ಅನುಮಾನ ಉಳಿದಿತ್ತು.

"ಅಮ್ಮಾ, ನೀವು ನಿಜ ಹೇಳಬೇಕು. ನಾಲ್ಕು ದಿನದಿಂದ ಇವರು ಮನೇಲಿ ಏನಾದ್ರೂ ಊಟ ಮಾಡಿದ್ದಾರಾ?"

ಕಾರ್ಯದರ್ಶಿಯ ಬಾಯಿ ತೆರೆದಿದ್ದರೂ ಸದ್ದು ಬರಲಿಲ್ಲ, ಅದು ಅವರ ಜೀವನದಲ್ಲೇ ಮೊದಲು. ಮೀಟರಪ್ಪನವರು ಹೊದಿಕೆಯನ್ನು ಮೂಗಿನ ತನಕ ಎಳೆದುಕೊಂಡರು. ಹೆಂಡತಿ ಒಂದು ಮಾತು ಹೇಳಿದರೆ ನಾಳೆಯಿಂದ ಈ ಗೇಟಿನೊಳಗೆ ಮುಖ ಎತ್ತಿ ನಡೆಯುವಂತಿಲ್ಲ.

ಹೆಂಡತಿ ಯೋಚಿಸಿದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

"ಸಾರ್, ಅಡುಗೆ ಮಾಡಿದವಳು ನಾನೇ, ಹೇಳ್ತೀನಿ ಕೇಳಿ" ಎಂದರು. "ಊಟ ಅಂತ ಕರೆಯೋ ಅಂಥದ್ದು ಈ ನಾಲ್ಕು ದಿನದಲ್ಲಿ ಅವರ ಬಾಯಿಗೆ ಒಂದು ತುತ್ತೂ ಹೋಗಿಲ್ಲ."

"ಜಯವಾಗಲಿ!" ಎಂದು ಕಾರ್ಯದರ್ಶಿ ಕೂಗಿದ್ದಕ್ಕೆ ನೀರಿನ ಟ್ಯಾಂಕಿನ ಮೇಲಿನ ಪಾರಿವಾಳಗಳೆಲ್ಲ ಎದ್ದವು.

ಮೇಲಧಿಕಾರಿ ಅಲ್ಲೇ, ಡ್ರೈವರನ ಬೆನ್ನನ್ನು ಮೇಜು ಮಾಡಿಕೊಂಡು, ಆದೇಶ ಬರೆದರು: ಕ್ಯಾಂಟೀನನ್ನು ತಕ್ಷಣ ತೆರೆಯತಕ್ಕದ್ದು. ಸಹಿ ಹಾಕಿ ಕೊಟ್ಟು, "ಇನ್ನಾದ್ರೂ ಊಟ ಮಾಡಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದರು. ಬೆಳಗ್ಗೆ ಒಂಬತ್ತಕ್ಕೆ ಶುರುವಾದ ಆಮರಣ ಉಪವಾಸ ಮಧ್ಯಾಹ್ನ ಮೂರಕ್ಕೆ ಮುಗಿಯಿತು.

ಹೆಂಡತಿ ಡಬ್ಬಿಯ ಮುಚ್ಚಳ ತೆಗೆದರು.

ಮುಂದೆ ನಡೆದದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಆ ವಾಸನೆ ಅಂಗಳದಲ್ಲಿ ಹರಡಿದಾಗ, ಒಂದು ಗಂಟೆಗೆ ಹೊಟ್ಟೆ ಬಿರಿಯೆ ಉಂಡಿದ್ದ ಇನ್ನೂರು ಮಂದಿಯೂ ಒಂದು ಹೆಜ್ಜೆ ಮುಂದಿಟ್ಟರು. ಉಪವಾಸ ಮುರಿಸುವ ಗೌರವ ಮೇಲಧಿಕಾರಿಯದು. ಅವರು ಚಮಚ ತುಂಬಿ ಮೀಟರಪ್ಪನವರ ಬಾಯಿಯ ತನಕ ಒಯ್ದರು. ಮೀಟರಪ್ಪನವರು ಬಾಯಿ ತೆರೆದರು. ಚಮಚ ನಡುದಾರಿಯಲ್ಲಿ ನಿಂತಿತು. ಮೇಲಧಿಕಾರಿಯ ಮೂಗು ಅರಳಿತು.

"ಬಿಸಿ ಇದೆಯೇನೋ, ನೋಡ್ತೀನಿ" ಎಂದು ಅವರು ತಾವೇ ಬಾಯಿಗೆ ಹಾಕಿಕೊಂಡರು.

ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದರು. "ಗೊತ್ತಾಗಲಿಲ್ಲ" ಎಂದು ಇನ್ನೊಂದು ಚಮಚ ತಿಂದರು. ಮೂರನೆಯದಕ್ಕೆ ನೆಪ ಹೇಳಲಿಲ್ಲ.

"ಸಾರ್, ನಿಮ್ಮದು ಊಟ ಆಯ್ತಲ್ಲ?" ಎಂದರು ವೈದ್ಯರು ಹಿಂದಿನಿಂದ.

"ಆಯ್ತು ಡಾಕ್ಟ್ರೇ, ಆಗಲೇ ಆಯ್ತು" ಎಂದರು ಮೇಲಧಿಕಾರಿ, ತುಂಬಿದ ಬಾಯಲ್ಲಿ.

"ನೋಡಿ, ಇದನ್ನೇ ನಾನು ಮಂಗಳವಾರ..." ಎಂದ ವೈದ್ಯರಿಗೂ ಮಾತು ಮುಗಿಸಲು ಆಗಲಿಲ್ಲ. ಕೈ ಡಬ್ಬಿಯೊಳಗಿತ್ತು.

ಮೀಟರಪ್ಪನವರು ಬಾಯಿ ತೆರೆದುಕೊಂಡೇ ಇದ್ದರು. ಕೊನೆಗೆ ಹೆಂಡತಿ ಎಲ್ಲರನ್ನೂ ಮೊಣಕೈಯಿಂದ ಸರಿಸಿ, ತಳದಲ್ಲಿ ಉಳಿದಿದ್ದ ಗರಿಗರಿ ಅಂಚುಗಳನ್ನೆಲ್ಲ ಕೆರೆದು ಅವರ ಕೈಗಿಟ್ಟರು. ಅವರು ಒಂದೊಂದನ್ನೇ ಬಾಯಲ್ಲಿಟ್ಟು, ಕರಗುವ ತನಕ ಕಾದು, ನಿಧಾನವಾಗಿ ತಿಂದರು. ನಿಧಾನಕ್ಕೆ ಕಾರಣ ವೈದ್ಯರ ಮಾತಲ್ಲ. ಇದ್ದದ್ದೇ ಅಷ್ಟು.

"ಇದನ್ನ ಮಾಡಿದ್ದು ಯಾರಮ್ಮ?" ಎಂದರು ಮೇಲಧಿಕಾರಿ ತುಟಿ ಒರೆಸಿಕೊಳ್ಳುತ್ತಾ. "ಹಳೇ ಕ್ಯಾಂಟೀನಿನ ಅಡುಗೆಯವನು ಬೇರೆ ಊರು ಸೇರಿದ್ದಾನೆ. ಆದೇಶವೇನೋ ಬರೆದುಬಿಟ್ಟೆ, ಒಲೆ ಮುಂದೆ ನಿಲ್ಲೋರು ಬೇಕಲ್ಲ?"

ಹೆಂಡತಿ ಗಂಡನ ಕಡೆ ನೋಡಿದರು. ಗಂಡನ ಬಾಯಲ್ಲಿ ಕೊನೆಯ ಚೂರು ಇತ್ತು, ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

"ಸೋಮವಾರದಿಂದ ಬರ್ತೀನಿ" ಎಂದರು ಅವರು. "ಆದ್ರೆ ಅಡುಗೆಮನೇಲಿ ನಾನು ಹೇಳಿದ್ದೇ ನಡೀಬೇಕು."

ಕ್ಯಾಂಟೀನು ತೆರೆದು ಈಗ ಎರಡು ತಿಂಗಳಾಯಿತು. ಒಂದು ಗಂಟೆ ಹೊಡೆಯುವ ಮುಂಚೆಯೇ ಸಾಲು ಮೆಟ್ಟಿಲು ಇಳಿದು ಜೀಪಿನ ತನಕ ಬರುತ್ತದೆ. ಮೇಲಧಿಕಾರಿಯೂ ತಟ್ಟೆ ಹಿಡಿದು ನಿಲ್ಲುತ್ತಾರೆ. ಅವರ ಬೆಲ್ಟಿಗೆ ಒಂದು ಹೊಸ ತೂತು ಬೇಕಾಗಿದೆಯೆಂದು ಡ್ರೈವರು ಹೇಳುತ್ತಾನೆ. ಕಾರ್ಯದರ್ಶಿ ಊಟದ ಹೊತ್ತಿನಲ್ಲಿ ಘೋಷಣೆ ಕೂಗುವುದನ್ನು ಬಿಟ್ಟಿದ್ದಾರೆ, ಬಾಯಿಗೆ ಬಿಡುವಿಲ್ಲ.

ಮೊನ್ನೆ ಮೀಟರಪ್ಪನವರು ಮೊದಲ ತಟ್ಟೆ ಮುಗಿಸಿ, ಸಾಲಿನ ಪಕ್ಕದಿಂದ ನುಸುಳಿ, ಕೌಂಟರಿನ ಕಿಂಡಿಯೊಳಗೆ ತಟ್ಟೆ ಚಾಚಿದರು. ಆಚೆ ಬದಿಯಲ್ಲಿ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡ ಹೆಂಡತಿ ಸೌಟು ಹಿಡಿದು ನಿಂತಿದ್ದರು.

"ತುಂಬಾ ಚೆನ್ನಾಗಿದೆ ಕಣೇ" ಎಂದರು ಮೀಟರಪ್ಪನವರು, ಆಸುಪಾಸಿನವರಿಗೆ ಕೇಳದಷ್ಟು ಮೆಲ್ಲಗೆ. "ಇನ್ನೊಂಚೂರು ಹಾಕು."

ಹೆಂಡತಿ ಸೌಟನ್ನು ಪಾತ್ರೆಯಲ್ಲಿ ಅದ್ದಿದರು. ಎತ್ತಿದರು. ಮೀಟರಪ್ಪನವರ ತಟ್ಟೆಯ ಮೇಲಿಂದ ದಾಟಿಸಿ ಹಿಂದೆ ನಿಂತವನ ತಟ್ಟೆಗೆ ಸುರಿದರು.

"ಒಬ್ಬರಿಗೆ ಒಂದೇ ಸಲ, ಸಾರ್" ಎಂದರು. "ಮುಂದೆ ನಡೀರಿ, ಜನ ಕಾಯ್ತಿದ್ದಾರೆ."